ರಾತ್ರಿ ಎರಡು ಗಂಟೆಯ ದೇವರು

ದೇವರು ಎಲ್ಲಿ ಸಿಗ್ತಾನೆ ಅಂತ ನಮ್ಮ ಓರಗೆಯವರನ್ನು ಕೇಳಿ ನೋಡಿ. ದೇವಸ್ಥಾನ, ಚರ್ಚು ಅನ್ನುವವರು ಕಡಿಮೆ. ನಂದಿ ಬೆಟ್ಟದ ಸೂರ್ಯೋದಯ, ಕುಮಾರಪರ್ವತದ ತುದಿ, ಮಳೆ ದಿನದ ಫಿಲ್ಟರ್ ಕಾಫಿ ಅನ್ನುವವರೇ ಜಾಸ್ತಿ. ತಪ್ಪೇನಿಲ್ಲ. ಆದರೆ ಈ ಪಟ್ಟಿಯಲ್ಲಿರೋದೆಲ್ಲ ವೀಕೆಂಡು. ಸೋಮವಾರಕ್ಕೆ ದೇವರು ಯಾರು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರಲ್ಲಿ ಕಾರ್ಲ್ ರಾನರ್ ಒಬ್ಬರು. ಜರ್ಮನಿಯ ಜೆಸ್ವಿಟ್ ಪಾದ್ರಿ (1904–1984), ಎರಡನೇ ವ್ಯಾಟಿಕನ್ ಮಹಾಸಭೆಗೆ ಸಲಹೆ ಕೊಟ್ಟ ದೇವತಾಶಾಸ್ತ್ರಜ್ಞ. ಬರವಣಿಗೆ ಮಹಾ ಕಗ್ಗಂಟು. ಅಂಥವರು 1964ರಲ್ಲಿ ದಿನನಿತ್ಯದ ಸಂಗತಿಗಳ ಮೇಲೆ ಒಂದು ಪುಟಾಣಿ ಪುಸ್ತಕ ತಂದರು. ಅದರ ವಿಷಯ ಕೆಲಸ, ನಡಿಗೆ, ಕೂರೋದು, ನೋಡೋದು, ನಗು, ಊಟ, ನಿದ್ದೆ. ಅಷ್ಟೇ. ಕಾಯಕದ ಮಾತು ಕೇಳುತ್ತ ಬೆಳೆದ ನಮಗೆ ಇದರಲ್ಲೇನು ಹೊಸದು ಅನ್ನಿಸಬಹುದು. ನನಗೆ ಹೊಸದೆನಿಸಿದ್ದು ಅವರ ನಿಷ್ಠುರತೆ. ವಾರದ ದಿನವನ್ನು ಹಬ್ಬ ಮಾಡೋಕೆ ಹೋಗಬೇಡಿ, ಅದು ಸಪ್ಪೆಯಾಗಿಯೇ ಇರಲಿ ಅನ್ನುವ ಧಾಟಿ ಅವರದು. 'ಮೈಂಡ್‌ಫುಲ್ ಆಗಿ ಪಾತ್ರೆ ತೊಳೆಯಿರಿ' ಎನ್ನುವ ಆ್ಯಪ್‌ಗಳಿಗೂ ಇವರಿಗೂ ಆಗಿಬರಲ್ಲ.

ಅದಕ್ಕೂ ಹಿಂದೆ, 1950ರ ದಶಕದಲ್ಲಿ, ಕೃಪೆಯ ಅನುಭವದ ಬಗ್ಗೆ ಅವರು ಬರೆದ ಸಣ್ಣ ಲೇಖನವೊಂದಿದೆ. ಅದರ ತುಂಬ ಪ್ರಶ್ನೆಗಳು. ಪ್ರತಿಫಲ ಸಿಗದಿದ್ದರೂ, ಯಾರೂ ಗಮನಿಸದಿದ್ದರೂ ನಾವು ಎಂದಾದರೂ ಕ್ಷಮಿಸಿದ್ದೇವಾ? ಒಳಗೆ ತೃಪ್ತಿಯೂ ಇಲ್ಲದೆ ಒಳ್ಳೆಯದು ಮಾಡಿದ್ದೇವಾ? ಹಾಗೆ ಮಾಡಿದ್ದರೆ, ದೇವರನ್ನು ಮುಟ್ಟಿ ಬಂದಿದ್ದೇವೆ ಅನ್ನೋದು ಅವರ ವಾದ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ನಮ್ಮನೆಯ ರಾತ್ರಿಗಳು. ಅಜ್ಜಿಗೆ ಮರೆವಿನ ಕಾಯಿಲೆ. ಎರಡು ಗಂಟೆಗೆ ಎದ್ದು "ಅವರು ಊಟ ಮಾಡಿದ್ರಾ?" ಅಂತಾರೆ. 'ಅವರು' ಅಂದರೆ ತಾತ, ಹೋಗಿ ಎಷ್ಟೋ ವರ್ಷ ಆಯ್ತು. ಅಮ್ಮ "ಹ್ಞೂಂ ಅತ್ತೆ, ಆಯ್ತು, ನೀವು ಮಲಗಿ" ಅಂತಾಳೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ದನಿಯಲ್ಲಿ. ಬೆಳಿಗ್ಗೆ ಅಜ್ಜಿಗೆ ಒಂದೂ ನೆನಪಿರಲ್ಲ. ಥ್ಯಾಂಕ್ಸ್ ಹೇಳುವ ಸಾಧ್ಯತೆಯೇ ಇಲ್ಲದ ಕಡೆ ಮಾಡುವ ಕೆಲಸ ಅದು. ರಾನರ್ ಹೇಳಿದ ಜಾಗ ಇದೇ ಅಲ್ವಾ?

ಇಲ್ಲೇ ನನಗೆ ಕಸಿವಿಸಿ ಶುರುವಾಗೋದು. ಈ ಜಾಗದಲ್ಲಿ ಯಾವಾಗಲೂ ಸೊಸೆಯೇ ಯಾಕೆ ನಿಂತಿರ್ತಾಳೆ? ಅಮ್ಮನ ಹತ್ತಿರ ಹೋಗಿ "ನಿನ್ನ ಈ ಸೇವೆಯಲ್ಲೇ ದೇವರಿದ್ದಾನೆ" ಅಂದರೆ ಅದು ದೇವತಾಶಾಸ್ತ್ರವಲ್ಲ, ಪುಗಸಟ್ಟೆ ದುಡಿಸಿಕೊಳ್ಳುವ ಉಪಾಯ. ಧರ್ಮಗಳು ಇದನ್ನು ಚೆನ್ನಾಗಿಯೇ ಮಾಡಿಕೊಂಡು ಬಂದಿವೆ, ಈಚೆಗೆ 'ನಾವೆಲ್ಲ ಒಂದೇ ಕುಟುಂಬ' ಅನ್ನುವ ಕಂಪನಿಗಳೂ ಕಲಿತಿವೆ. ಹೊರೆ ಇಳಿಸುವುದರ ಬದಲು ಹೊರೆಗೆ ಕುಂಕುಮ ಹಚ್ಚೋದು.

ಮತ್ತೊಮ್ಮೆ ಲೇಖನ ತೆಗೆದು ನೋಡಿದೆ. ರಾನರ್ ಅಲ್ಲಿ ಯಾರಿಗೂ ತಾಳ್ಮೆಯ ಉಪದೇಶ ಮಾಡ್ತಿಲ್ಲ. ಕೇಳೋದು 'ನಾವು' ಅಂತ, ಅವರವರ ಬದುಕನ್ನು ಅವರವರೇ ಹುಡುಕಿಕೊಳ್ಳಲಿ ಅಂತ. ಅಂದರೆ ಅಮ್ಮನ ರಾತ್ರಿಯಲ್ಲಿ ದೇವರಿದ್ದಾನೋ ಇಲ್ಲವೋ ಅಂತ ಹೇಳುವ ಹಕ್ಕು ಅಮ್ಮನಿಗೆ ಬಿಟ್ಟು ಬೇರೆಯವರಿಗಿಲ್ಲ. ನನಗೆ ಉಳಿದಿರೋದು ನನ್ನ ರಾತ್ರಿಗಳು ಮಾತ್ರ.

ಈಗ ವಾರದಲ್ಲಿ ನಾಲ್ಕು ದಿನ ಅಜ್ಜಿಯ ಕೋಣೆಯಲ್ಲಿ ನಾನು ಮಲಗ್ತೀನಿ. ದೇವರು ಸಿಕ್ಕನಾ ಅಂತ ಕೇಳಿದರೆ, ಇಲ್ಲ. ನಿದ್ದೆಗೆಟ್ಟು ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಆಕಳಿಸ್ತೀನಿ. ಅಮ್ಮ ಮಾತ್ರ ಆ ನಾಲ್ಕು ದಿನ ಬೆಳಿಗ್ಗೆ ಏಳರವರೆಗೆ ಮಲಗ್ತಾಳೆ.