ಕಾಯಿಲೆಯ ಹೆಸರು ಯಾರಿಗೆ ಸೇರಿದ್ದು?



ಒಂದು ಸನ್ನಿವೇಶವನ್ನು ಮನಸ್ಸಿಗೆ ತಂದುಕೊಳ್ಳಿ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ದುಡಿಯುವ ಸಹೋದರಿಯೊಬ್ಬಳಿಗೆ ಕ್ಷಯರೋಗ ಪತ್ತೆಯಾಗುತ್ತದೆ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು, ಮೊದಮೊದಲು ವಿಶ್ರಾಂತಿಯೂ ಬೇಕು. ವೈದ್ಯರ ಚೀಟಿಯೊಡನೆ ಅವಳು ರಜೆಗೆ ಅರ್ಜಿ ಹಾಕುತ್ತಾಳೆ. ಎರಡನೆಯ ತಿಂಗಳಲ್ಲಿ ಕಚೇರಿಯಿಂದ ಫೋನು ಬರುತ್ತದೆ: "ಏನಮ್ಮಾ ನಿನ್ನ ಕಾಯಿಲೆ? ಆಸ್ಪತ್ರೆಯ ಕಾಗದಪತ್ರ ಎಲ್ಲವನ್ನೂ ಕಳಿಸಿಕೊಡು."

ಹೇಳಿದರೆ ಕೆಲಸ ಹೋದೀತು ಎಂಬ ಭಯ. ಪಕ್ಕದಲ್ಲಿ ಕೂರುವವರು ದೂರ ಸರಿದಾರು, ತಂಗಿಗೆ ಬಂದ ಸಂಬಂಧ ಮುರಿದೀತು ಎಂಬ ಚಿಂತೆ. ಹೇಳದಿದ್ದರೆ, ತಾನು ಸುಳ್ಳು ಹೇಳಿದಂತಾಯಿತೇ ಎಂದು ಮನಸ್ಸಾಕ್ಷಿ ಚುಚ್ಚುತ್ತದೆ. ಇಂಥ ಇಕ್ಕಟ್ಟಿಗೆ ಸಿಕ್ಕಿದವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಕ್ಯಾನ್ಸರ್, ಮನೋರೋಗ, ಗರ್ಭಕೋಶದ ಶಸ್ತ್ರಚಿಕಿತ್ಸೆ, ಎಚ್‌ಐವಿ, ಹೀಗೆ ಕಾಯಿಲೆ ಯಾವುದಾದರೂ ಪ್ರಶ್ನೆ ಒಂದೇ: ದೀರ್ಘ ರಜೆಯಲ್ಲಿರುವ ನೌಕರ ತನ್ನ ಮಾಲೀಕರಿಗೆ ಎಷ್ಟನ್ನು ಹೇಳಬೇಕು?

ಮೌನ ಸುಳ್ಳಲ್ಲ

ಸುಳ್ಳು ಸಾಕ್ಷಿ ಹೇಳಬಾರದು ಎಂಬುದು ಎಂಟನೆಯ ದೈವಾಜ್ಞೆ. ಆದರೆ ಸುಳ್ಳು ಹೇಳಬಾರದು ಎಂದರೆ ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕು ಎಂದು ಅರ್ಥವಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಆಜ್ಞೆಯನ್ನು ವಿವರಿಸುವಾಗ ಒಂದು ಮುಖ್ಯ ಮಾತನ್ನು ಸೇರಿಸುತ್ತದೆ. ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ಬಿಚ್ಚಿಡುವ ಹೊಣೆ ಯಾರಿಗೂ ಇಲ್ಲ (2489). ವೈದ್ಯರು ತಮ್ಮ ವೃತ್ತಿಯಲ್ಲಿ ತಿಳಿದ ಗುಟ್ಟನ್ನು ಕಾಯಬೇಕು. ಕಾಯುವುದರಿಂದ ಘೋರ ಹಾನಿಯಾಗುವ ಅಪರೂಪದ ಸಂದರ್ಭ ಮಾತ್ರ ಇದಕ್ಕೆ ಹೊರತು ಎಂದೂ ಅದು ಕಲಿಸುತ್ತದೆ (2491).

ವೈದ್ಯರ ಬಳಿ, ವಕೀಲರ ಬಳಿ ಏನನ್ನೂ ಮುಚ್ಚಿಡಬಾರದು ಎಂದು ಹಿರಿಯರು ಹೇಳುತ್ತಿದ್ದರು. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಆ ಮಾತು ಹುಟ್ಟಿತು. ಪಾಪನಿವೇದನೆಯ ಗುಟ್ಟನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಯ ಕಾಗದ ನಾಳೆ ಕಚೇರಿಯ ಮೇಜಿನ ಮೇಲೆ ಬಿದ್ದಿರುತ್ತದೆ ಎಂದು ತಿಳಿದರೆ ರೋಗಿ ವೈದ್ಯರ ಮುಂದೆಯೂ ಬಾಯಿ ಬಿಡುವುದಿಲ್ಲ. ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಒಳಗೊಳಗೇ ಸವೆಯುತ್ತಾನೆ. ಗುಟ್ಟು ಒಡೆಯುವುದರಿಂದ ಮಾನ ಹೋಗುವುದಷ್ಟೇ ಅಲ್ಲ, ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ.

ಮಾಲೀಕರಿಗೂ ನ್ಯಾಯ ಬೇಡವೇ?

ಬೇಕು. ನಾಲ್ಕು ಜನ ಕೆಲಸದವರಿರುವ ಅಂಗಡಿಯಲ್ಲಿ ಒಬ್ಬರು ಮೂರು ತಿಂಗಳು ಬಾರದಿದ್ದರೆ ಆ ಹೊರೆ ಉಳಿದ ಮೂವರ ಹೆಗಲಿಗೆ ಬೀಳುತ್ತದೆ. ಆದ್ದರಿಂದ ಮಾಲೀಕರು ಕೆಲವು ಪ್ರಶ್ನೆಗಳನ್ನು ಕೇಳುವುದು ನ್ಯಾಯವೇ. ನಿಜವಾಗಿಯೂ ಅಸ್ವಸ್ಥರಾಗಿದ್ದೀರಾ? ಎಷ್ಟು ದಿನ ಬೇಕಾದೀತು? ಬಂದ ಮೇಲೆ ಯಾವ ಕೆಲಸ ಮಾಡಬಲ್ಲಿರಿ, ಯಾವುದನ್ನು ಮಾಡಲಾರಿರಿ? ನಿಮ್ಮಿಂದ ಇತರರಿಗೆ ಅಪಾಯವುಂಟೇ? ಈ ನಾಲ್ಕಕ್ಕೂ ಸತ್ಯವಾದ ಉತ್ತರ ಕೊಡುವುದು ನೌಕರನ ಕರ್ತವ್ಯ. ಇವುಗಳಲ್ಲಿ ಯಾವುದಕ್ಕೂ ಸಾಮಾನ್ಯವಾಗಿ ಕಾಯಿಲೆಯ ಹೆಸರು ಬೇಕಾಗಿಲ್ಲ ಎಂಬುದನ್ನು ಗಮನಿಸಿ. ವೈದ್ಯರೊಬ್ಬರು "ಇಷ್ಟು ದಿನ ವಿಶ್ರಾಂತಿ ಅಗತ್ಯ", "ಈಗ ಕೆಲಸಕ್ಕೆ ಅರ್ಹರು" ಎಂದು ಬರೆದುಕೊಟ್ಟರೆ ಸಾಕು.

ರಜೆಯ ಪ್ರಮಾಣಪತ್ರದ ನಮೂನೆಗಳಲ್ಲಿ ಕಾಯಿಲೆಯ ಹೆಸರಿಗೂ ಖಾಲಿ ಜಾಗ ಇರುವುದುಂಟು. ನಿಯಮದ ಪ್ರಕಾರ ಅದನ್ನು ತುಂಬಲೇಬೇಕಾದರೆ, ಮುಚ್ಚಿದ ಲಕೋಟೆಯಲ್ಲಿಟ್ಟು ಸಂಬಂಧಪಟ್ಟ ಒಬ್ಬ ಅಧಿಕಾರಿಗೆ ಮಾತ್ರ ಕೊಡಿ. ಸಂಸ್ಥೆಗೆ ಸಂದೇಹವಿದ್ದರೆ ತನ್ನ ವೈದ್ಯರಿಂದ ತಪಾಸಣೆ ಮಾಡಿಸಲಿ. ಆ ವೈದ್ಯರು ಅರ್ಹರೋ ಅಲ್ಲವೋ ಎಂಬ ಅಭಿಪ್ರಾಯವನ್ನಷ್ಟೇ ಕಳಿಸಲಿ ಎಂದು ವಿನಯದಿಂದ ಕೇಳಿಕೊಳ್ಳಿ.

ಮೌನಕ್ಕೂ ಮಿತಿಯುಂಟು. ಮೂರ್ಛೆರೋಗ ಬಂದ ಬಸ್ ಚಾಲಕ ಅದನ್ನು ಮುಚ್ಚಿಟ್ಟು ಚಕ್ರ ಹಿಡಿದರೆ ಅದು ಐವತ್ತು ಪ್ರಯಾಣಿಕರಿಗೆ ಮಾಡುವ ದ್ರೋಹ. ಕ್ಷಯರೋಗದ ಮಾತು ತುಸು ಬೇರೆ. ವೈದ್ಯರು ಅದನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯವಾಗಿದೆ. ತಾನು ಎಲ್ಲಿ, ಯಾರ ಪಕ್ಕ ಕೂತು ದುಡಿಯುತ್ತಿದ್ದೆ ಎಂದು ಆ ಸಹೋದರಿ ಆರೋಗ್ಯ ಕಾರ್ಯಕರ್ತರಿಗೆ ಹೇಳಬೇಕು. ಹತ್ತಿರವಿದ್ದವರ ತಪಾಸಣೆಗೆ ಅದರಿಂದ ದಾರಿಯಾಗುತ್ತದೆ. ಪರಪ್ರೇಮ ಕೇಳುವುದು ಅಷ್ಟನ್ನು. ಆರೋಗ್ಯ ಇಲಾಖೆಗೆ ತಿಳಿಸುವುದು ಬೇರೆ, ಊರಿಗೆಲ್ಲ ಸಾರುವುದು ಬೇರೆ.

ಇನ್ನು ಹಣ ಕೊಟ್ಟು ಸುಳ್ಳು ಪ್ರಮಾಣಪತ್ರ ತರುವುದು, ಕಾಯಿಲೆಯ ರಜೆ ಹಾಕಿ ಬೇರೆಡೆ ದುಡಿಯುವುದು ಏಳನೆಯ ಮತ್ತು ಎಂಟನೆಯ ಆಜ್ಞೆಗಳನ್ನು ಒಟ್ಟಿಗೇ ಮೀರಿದಂತೆ. ಇದರಿಂದ ನಷ್ಟವಾಗುವುದು ಮಾಲೀಕರಿಗಷ್ಟೇ ಅಲ್ಲ. ಒಮ್ಮೆ ಮೋಸಹೋದವರು ಮುಂದೆ ಬರುವ ನಿಜವಾದ ರೋಗಿಯನ್ನೂ ಅನುಮಾನದಿಂದ ನೋಡುತ್ತಾರೆ, ಅವನ ಕಾಗದಗಳನ್ನೆಲ್ಲ ಕೆದಕುತ್ತಾರೆ. ಸುಳ್ಳು ರೋಗಿ ನಿಜವಾದ ರೋಗಿಯ ಮಾನವನ್ನು ಕದಿಯುತ್ತಾನೆ.

ಕಾನೂನು ಏನೆನ್ನುತ್ತದೆ?

ರೋಗಿಯಾದ ಕಾರ್ಮಿಕನನ್ನು ಕಾಯುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1948ರ ಇಎಸ್‌ಐ ಕಾಯ್ದೆ, ಕಾಯಿಲೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ಕೆಲಸದಿಂದ ತೆಗೆಯಬಾರದೆಂದು ಅಂದೇ ವಿಧಿಸಿತು. 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಎಚ್‌ಐವಿ ಸೋಂಕಿನ ಕಾರಣಕ್ಕೆ ಕೆಲಸ ಕಳೆದುಕೊಂಡ ಕೂಲಿ ಕಾರ್ಮಿಕನೊಬ್ಬನ ಮೊಕದ್ದಮೆ ಬಂತು. ಕೆಲಸ ಮಾಡುವ ಶಕ್ತಿಯುಳ್ಳವನನ್ನು, ಇತರರಿಗೆ ಅಪಾಯವಿಲ್ಲದವನನ್ನು ಸೋಂಕಿನ ಕಾರಣಕ್ಕೇ ತಳ್ಳುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ತೀರ್ಪಿನಲ್ಲಿ ಆತನ ಹೆಸರಿಲ್ಲ, ಎರಡು ಅಕ್ಷರಗಳಷ್ಟೇ ಇವೆ. ನ್ಯಾಯ ಕೊಡುವಾಗಲೂ ಅವನ ಗುಟ್ಟನ್ನು ಕಾಯಲಾಯಿತು.

2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ದಾವೆಯಲ್ಲಿ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಸಾರಿತು. ಅದೇ ವರ್ಷದ ಎರಡು ಕಾಯ್ದೆಗಳು ಮಾನಸಿಕ ಅಸ್ವಸ್ಥರ ಮತ್ತು ಎಚ್‌ಐವಿ ಸೋಂಕಿತರ ಗುಟ್ಟಿಗೆ ರಕ್ಷಣೆ ಕೊಟ್ಟವು. ಆದರೆ ಕಾನೂನಿನ ಕೈ ಎಲ್ಲ ಕಡೆಗೂ ಎಟುಕದು. ಅದು ಎಟುಕದ ಕಡೆ ಮನಸ್ಸಾಕ್ಷಿಯೇ ಕೆಲಸ ಮಾಡಬೇಕು.

ಇಬ್ಬರು ಯಜಮಾನರು

ಪವಿತ್ರ ಬೈಬಲಿನಲ್ಲಿ ಇಬ್ಬರು ಯಜಮಾನರು ಸಿಗುತ್ತಾರೆ. ಮೊದಲನೆಯವನು ಒಬ್ಬ ಅಮಾಲೇಕ್ಯ. ಅವನ ಈಜಿಪ್ಟಿನ ಆಳು ಕಾಯಿಲೆ ಬಿದ್ದ. ಯಜಮಾನ ಅವನನ್ನು ಬಯಲಿನಲ್ಲೇ ಬಿಟ್ಟು ಹೋದ. ಮೂರು ದಿನ ಅನ್ನ ನೀರಿಲ್ಲದೆ ಬಿದ್ದಿದ್ದ ಅವನಿಗೆ ರೊಟ್ಟಿ, ನೀರು, ಅಂಜೂರ ಕೊಟ್ಟು ಬದುಕಿಸಿದವರು ದಾವೀದನ ಕಡೆಯವರು (1 ಸಮುವೇಲ 30:11-13).

ಎರಡನೆಯವನು ಕಫೆರ್ನವುಮಿನ ಶತಾಧಿಪತಿ (ಮತ್ತಾಯ 8:5-13). ಅವನ ಆಳು ಹೊರಗೆ ಬಿದ್ದಿಲ್ಲ, ಯಜಮಾನನ ಮನೆಯಲ್ಲೇ ಮಲಗಿದ್ದಾನೆ. ನೂರು ಸೈನಿಕರ ಮೇಲೆ ಅಧಿಕಾರ ನಡೆಸುವವನು ಆ ಆಳಿಗಾಗಿ ತಾನೇ ಬಂದು ಬೇಡುತ್ತಾನೆ. ಅವನು ಕಾಯಿಲೆಯ ವಿಷಯ ಹೇಳಿದ್ದು ಯೇಸುಸ್ವಾಮಿಗೆ, ವಾಸಿ ಮಾಡಬಲ್ಲವರಿಗೆ. ಸ್ವಾಮಿಯಾದರೂ ಹೇಗಿದ್ದರು? ಕಿವುಡನನ್ನು ಜನರ ಗುಂಪಿನಿಂದ ಪ್ರತ್ಯೇಕ ಕರೆದೊಯ್ದು ಗುಣಪಡಿಸಿದರು (ಮಾರ್ಕ 7:33). ಯಾಯೀರನ ಮಗಳ ಕೋಣೆಯಿಂದ ಗುಂಪನ್ನೆಲ್ಲ ಹೊರಗೆ ಕಳಿಸಿದರು (ಮಾರ್ಕ 5:40). ರೋಗಿಯ ನೋವು ಸಂತೆಯ ನೋಟವಲ್ಲ ಎಂದು ಅವರಿಗೆ ತಿಳಿದಿತ್ತು.

ನಮ್ಮ ಅಂಗಳದಲ್ಲಿ

ಈ ಮಾತು ಕಾರ್ಖಾನೆಯ ಮಾಲೀಕರಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಧರ್ಮಸಭೆಯ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಅನೇಕರು ದುಡಿಯುತ್ತಾರೆ. ಅಲ್ಲಿ ನಾವೇ ಯಜಮಾನರು. ಶಿಕ್ಷಕಿಯೊಬ್ಬರ ರಜೆಯ ಪತ್ರ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗದಂತೆ ನೋಡಿಕೊಳ್ಳುತ್ತೇವೆಯೇ? ಪ್ರಾರ್ಥನೆಯ ಹೆಸರಿನಲ್ಲಿ ನೆರೆಯವರ ಕಾಯಿಲೆಯನ್ನು ಗಟ್ಟಿಯಾಗಿ ಹೆಸರಿಸುವ ಅಭ್ಯಾಸವೂ ನಮ್ಮಲ್ಲುಂಟು. ದೇವರಿಗೆ ಕಾಯಿಲೆಯ ಹೆಸರನ್ನು ನಾವು ತಿಳಿಸಬೇಕಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದೀರ್ಘ ರಜೆಯಲ್ಲಿರುವವರನ್ನು ಕಂಡಾಗ "ಏನು ಕಾಯಿಲೆ?" ಎನ್ನುವ ಬದಲು "ನಮ್ಮಿಂದ ಏನಾಗಬೇಕು?" ಎಂದು ಕೇಳಿ. ಮನೆಗೆ ರೇಷನ್ ತಂದುಕೊಡಿ, ಮಕ್ಕಳನ್ನು ಶಾಲೆಗೆ ಬಿಟ್ಟು ಬನ್ನಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಕೇಳಿದ್ದು ನಿಮ್ಮಲ್ಲೇ ಇರಲಿ.

ಪ್ರತಿ ಬಲಿಪೂಜೆಯಲ್ಲೂ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವು ಆ ಶತಾಧಿಪತಿಯ ಮಾತನ್ನೇ ಆಡುತ್ತೇವೆ. ಕಾಯಿಲೆ ಬಿದ್ದ ಆಳಿಗಾಗಿ ಬೇಡಿಕೊಂಡ ಯಜಮಾನನ ಮಾತು ಅದು. ಬರುವ ಭಾನುವಾರ ಅದನ್ನು ಹೇಳುವಾಗ, ನಮ್ಮ ಕೈಕೆಳಗೆ ದುಡಿಯುವವರನ್ನೂ ನಮ್ಮ ಬೀದಿಯ ರೋಗಿಗಳನ್ನೂ ನೆನೆಯೋಣ. ಅವರ ನೋವಿನ ಹೊಸ್ತಿಲಲ್ಲಿ ಕಾದು ನಿಲ್ಲುವ ವಿನಯವನ್ನು ಪ್ರಭು ನಮಗೆ ದಯಪಾಲಿಸಲಿ.