ಪಂಕ್ತಿಯ ಕೊನೆಯ ಎಲೆ



ಮೆಟ್ಟಿಲು ಹತ್ತಿ ದಣಿದು ಬಂದೀರಿ. ದರ್ಶನವಾಯಿತು, ಕಾಯಿ ಒಡೆಸಿದ್ದಾಯಿತು, ಹರಕೆ ತೀರಿಸಿದ್ದಾಯಿತು. ಇನ್ನು ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ತಗೊಂಡು ಗುಡ್ಡ ಇಳಿಯುತ್ತೀರಿ. ಆ ಪಂಕ್ತಿಯನ್ನೇ ಇವತ್ತು ಒಂದಿಷ್ಟು ಲಕ್ಷ್ಯಗೊಟ್ಟು ನೋಡಿರಿ. ಬಡಿಸುವವನು ಮೊದಲ ಎಲೆಯಿಂದ ಶುರು ಮಾಡುತ್ತಾನೆ, ಕೊನೆಯ ಎಲೆ ಮುಟ್ಟಿ ಬರುತ್ತಾನೆ. ಮೊದಲು ಕುಳಿತವನು "ನನಗ ಮೊದಲ ಬಂತು, ಬುಟ್ಟಿ ಪೂರ್ತಿ ನನಗ ಹಾಕು" ಅನ್ನೋದಿಲ್ಲ. ಅಂದರೆ ನಾಲ್ಕು ಮಂದಿ ನಗುತ್ತಾರೆ. ಕೊನೆಯ ಎಲೆಗೆ ಬಡಿಸುವ ತನಕ ತುತ್ತು ಎತ್ತದೆ ಕಾಯುವುದು ನಮ್ಮ ಹಿರಿಯರು ಹಾಕಿಕೊಟ್ಟ ರೂಢಿ. ಇದನ್ನು ಯಾವ ಸಾಲಿಯಲ್ಲೂ ಕಲಿಸಲಿಲ್ಲ, ಯಾವ ಪೊಲೀಸರೂ ನಿಂತು ನಡೆಸಲಿಲ್ಲ.

ಗುಡ್ಡದ ಮ್ಯಾಲ ಇಷ್ಟು ಚೆಂದ ಇರುವ ನಾವು ಗುಡ್ಡ ಇಳಿದ ಮೇಲೆ ಹ್ಯಾಂಗಿರ್ತೀವಿ? ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಕೇಳಿರಿ.

ಒಮ್ಮೆ ಇಬ್ಬರು ರೈತರು ಒಂದೇ ಗಿಡದ ನೆರಳಿಗೆ ಕುಳಿತು ಬುತ್ತಿ ಬಿಚ್ಚಿದರು. ಒಬ್ಬನು ಹರಕೆ ತೀರಿಸಲು ಬೆಳ್ಳಿ ಕಾಣಿಕೆ ತಂದಿದ್ದ. ಇನ್ನೊಬ್ಬನ ಕೈಯಲ್ಲಿ ಒಂದು ಕಾಯಿ, ಎರಡು ಊದುಬತ್ತಿ. "ಏನಪಾ ಯಜಮಾನ, ಏನ್ ಬೇಡಿಕೊಂಡಿ?" ಅಂತ ಮೊದಲಿನವನು ಕೇಳಿದ. "ಏನ್ ಬೇಡಲಿ ಅಣ್ಣಾ, ನೀರು ಬೇಡೀನಿ. ಮಾನ್ವಿ ಕಡೆ ಕಾಲುವೆ ಕೊನೆಗೆ ನಮ್ಮ ಹೊಲ. ನೀರು ಬಿಟ್ಟಾರಂತ ಪೇಪರಿನ್ಯಾಗ ಬರ್ತದ, ಹೊಲಕ್ಕ ಬರೂದಿಲ್ಲ. ತೆನಿ ಕಟ್ಟೂ ಹೊತ್ತಿನ್ಯಾಗ ಒಣಗಿ ಹೋತು." ಬೆಳ್ಳಿ ತಂದವನು ಸುಮ್ಮನಾದ. ಯಾಕೆಂದರೆ ಅವನ ಹೊಲವೂ ಅದೇ ಕಾಲುವೆಯ ಮೇಲ್ಭಾಗದಲ್ಲಿತ್ತು. ರಾತ್ರಿ ಕಾಲುವೆಗೆ ಪೈಪ್ ಇಳಿಬಿಟ್ಟು, ಪಂಪ್ ಹಚ್ಚಿ, ಪಾಲಿಗಿಂತ ಹೆಚ್ಚು ನೀರು ಎತ್ತಿ ಭತ್ತ ಬೆಳೆದಿದ್ದ. ಆ ಭತ್ತದ ರೊಕ್ಕದಿಂದಲೇ ಬೆಳ್ಳಿ ಬಂದಿತ್ತು. ಎದುರಿಗೆ ಕುಳಿತವನು "ತಗೋ ಅಣ್ಣಾ" ಅಂತ ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟ. ಆ ರೊಟ್ಟಿ ಇವನ ಗಂಟಲೊಳಗೆ ಇಳಿಯಲಿಲ್ಲ.

ಇದು ಬರೀ ಕಥೆಯಲ್ಲ, ನಮ್ಮ ಸೀಮೆಯ ಸಂಗತಿ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆ ಸುಮಾರು 226 ಕಿಲೋಮೀಟರು ಉದ್ದ. ಕೊಪ್ಪಳ ಜಿಲ್ಲೆಯಲ್ಲಿ ಹೊರಟು ಸಿಂಧನೂರು ದಾಟಿ, ಮಾನ್ವಿ ದಾಟಿ ರಾಯಚೂರಿನ ಕಡೆ ಬರುತ್ತದೆ. ಬರಗಾಲದ ನಾಡಿನಲ್ಲಿ ಆದಷ್ಟು ಹೆಚ್ಚು ರೈತರಿಗೆ ನೀರು ಮುಟ್ಟಲಿ ಅಂತ, ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಲೆಕ್ಕ ಹಿಡಿದು ಮಾಡಿದ ಯೋಜನೆ ಅದು. ಆಮೇಲೆ ಮೇಲ್ಭಾಗದಲ್ಲಿ ಭತ್ತವೇ ಭತ್ತವಾಯಿತು. ಅಕ್ರಮ ಪೈಪುಗಳು ಬಿದ್ದವು. ಜಲಾಶಯದಲ್ಲಿ ಹೂಳು ತುಂಬಿತು. ಮೊದಲು 130 ಟಿಎಂಸಿಗೂ ಮೇಲ್ಪಟ್ಟು ಹಿಡಿಯುತ್ತಿದ್ದ ಕೆರೆ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮ ಜನ ನಿದ್ದೆಗೆಟ್ಟು ಕೂತಿದ್ದರು. ಒಂದು ಗೇಟು ಹೋದರೆ ಎಲ್ಲರ ಅನ್ನ ಹೋಗುತ್ತದೆ ಅಂತ ಆವತ್ತು ತಿಳಿಯಿತು. ದಿನಾ ರಾತ್ರಿ ನೂರು ಪೈಪಿನಿಂದ ಹೋಗುವುದು ಮಾತ್ರ ನಮಗೆ ಕಾಣಲಿಲ್ಲ.

ದೇವದುರ್ಗದ ಕಡೆಯವರು "ನಮ್ಮದು ನಾರಾಯಣಪುರ ಬಲದಂಡೆ, ನಮಗಿದು ಹತ್ತೂದಿಲ್ಲ" ಅನ್ನಬೇಡಿರಿ. ಅದು ಕೃಷ್ಣೆಯ ನೀರು, ಇದು ತುಂಗಭದ್ರೆಯ ನೀರು. ನದಿ ಬೇರೆಯಾದರೂ ಆಸೆ ಒಂದೇ.

ಈಗ ಹಿರಿಯರ ಕಡೆ ನೋಡೋಣ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಶರಣ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕ ಹಿಡಿದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ಬಿದ್ದದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಇವತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚು ತಂದದ್ದು ಆಸೆ, ಹೋಗಿ ಅಲ್ಲಿಯೇ ಹಾಕಿ ಬನ್ನಿ ಅಂತ ಗಂಡನನ್ನು ಹಿಂದಕ್ಕೆ ಕಳಿಸಿದಳು. ತಾಯಂದಿರೇ, ಮನೆಗೆ ಬಂದ ರೊಕ್ಕ ಎಲ್ಲಿಂದ ಬಂತು ಅಂತ ಕೇಳುವ ಹಕ್ಕು ನಿಮಗಿದೆ. ಲಕ್ಕಮ್ಮ ಕೇಳಿದಳು. ಎಂಟು ನೂರು ವರ್ಷ ದಾಟಿದರೂ ಅವಳ ಹೆಸರು ಅಳಿದಿಲ್ಲ.

ದಾಸರ ಕಥೆಯೂ ಈ ಮಣ್ಣಿನದೇ. ಮಾನ್ವಿಯ ಜಗನ್ನಾಥದಾಸರು (1728–1809) ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರು, ಅವರ ಜೊತೆ ಕೂಡುವ ಸಾಮಾನ್ಯ ಜನ ಅಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರು. ನೆಪದ ನೋವು ನಿಜವಾಯಿತು, ಜೀವಕ್ಕೇ ಬಂತು. ಆಗ ಅವರಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದು ಉಳಿಸಿಕೊಂಡವರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಅಂತ ದಾಸ ಪರಂಪರೆಯ ಪ್ರತೀತಿ. ಪಂಕ್ತಿಯನ್ನು ತಿರಸ್ಕರಿಸಿದವರು ಬದುಕಿದ್ದು ಮತ್ತೊಬ್ಬರು ಕೊಟ್ಟ ಪಾಲಿನಿಂದ. ಆ ಋಣ ತೀರಿಸಲೋ ಎಂಬಂತೆ ಅವರೇ ಮುಂದೆ ಕನ್ನಡದಲ್ಲಿ ಹರಿಕಥಾಮೃತಸಾರ ಬರೆದರು. ದೇವದುರ್ಗದವರು ಮಾನ್ವಿಯವರಿಗೆ ಆಯುಷ್ಯ ಕೊಟ್ಟ ನಾಡಿದು. ಇಲ್ಲಿ ಮೇಲಿನ ಹೊಲದವನು ಕೆಳಗಿನ ಹೊಲದವನಿಗೆ ನೀರು ಬಿಡಲಾರನೇ?

ಇನ್ನೊಂದು ಮಾತು. ಈ ಕಾಲುವೆಯ ದಂಡೆಯ ಮೇಲೆ ಯಾರ್ಯಾರಿದ್ದಾರೆ ಎಣಿಸಿ ನೋಡಿರಿ. ಕನ್ನಡದವರು, ತೆಲುಗಿನಲ್ಲಿ ಮಾತಾಡುವ ಕ್ಯಾಂಪಿನವರು, ಉರ್ದು ಮನೆಮಾತಿನವರು, ಲಂಬಾಣಿ ತಾಂಡಾದವರು, ಪೇಟೆಯ ಮಾರವಾಡಿಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಕಡೆ ನೆಲೆ ನಿಂತ ಬಂಗಾಲಿಗಳು. ಮುದಗಲ್ಲಿನ ಮೊಹರಂಗೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಇಷ್ಟು ಮಂದಿ ಕೂಡಿ ಬಾಳುವ ನಾಡಿನಲ್ಲಿ ನೀರು ಕಡಿಮೆ ಬಿದ್ದಾಗ ಒಂದು ಕೆಟ್ಟ ಮಾತು ಹುಟ್ಟುತ್ತದೆ. "ಅವರು ಹೊರಗಿನವರು, ಅವರ ಮಂದಿನೇ ಕಳ್ಳರು." ಈ ಮಾತಿಗೆ ಕಿವಿಗೊಡಬೇಡಿರಿ. ಕಳವಿಗೆ ಜಾತಿ ಇಲ್ಲ, ಭಾಷೆ ಇಲ್ಲ. ರಾತ್ರಿ ತೂಬು ಎತ್ತುವ ಕೈಗಳಲ್ಲಿ ನಮ್ಮವೂ ಇವೆ. ತಪ್ಪು ಮಾಡಿದವನನ್ನು ಕೇಳಬೇಕೇ ಹೊರತು ಅವನ ಕುಲವನ್ನಲ್ಲ. ನಮ್ಮವನಾದರೂ ತಪ್ಪು ತಪ್ಪೇ ಅನ್ನುವುದು ನ್ಯಾಯ.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಶಾಸನವಿದೆ, 1915ರಲ್ಲಿ ಬೆಳಕಿಗೆ ಬಂತು. ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ಮೊದಲು ಸಿಕ್ಕದ್ದು ಅಲ್ಲಿ. ಧರ್ಮದ ಮೇಲ್ಮೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುವಂಥದ್ದು ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿದ ಮಾತನ್ನೇ ನಮ್ಮ ಸಂವಿಧಾನವೂ ತನ್ನ ರೀತಿಯಲ್ಲಿ ಹೇಳುತ್ತದೆ. ನಮ್ಮ ರಾಯಚೂರು ಸೀಮೆ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು, ಅದಕ್ಕಾಗಿ ಎಷ್ಟೋ ಜನ ಕಷ್ಟಪಟ್ಟರು. 1976ರಲ್ಲಿ ಸಂವಿಧಾನಕ್ಕೆ 51-ಎ ವಿಧಿ ಸೇರಿ ಪ್ರಜೆಗಳ ಮೂಲಭೂತ ಕರ್ತವ್ಯಗಳನ್ನು ಹೇಳಿತು. ಧರ್ಮ, ಭಾಷೆ, ಪ್ರದೇಶ ಯಾವುದೇ ಇರಲಿ ಸೋದರಭಾವದಿಂದಿರುವುದು, ನದಿ ಕೆರೆಗಳನ್ನು ಕಾಪಾಡುವುದು, ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವುದು ಅದರಲ್ಲಿವೆ. ಹಕ್ಕು ಕೇಳಲು ಎಲ್ಲರೂ ಮುಂದೆ. ಕರ್ತವ್ಯದ ಸರದಿ ಬಂದಾಗ ಬೆನ್ನು ತೋರಿಸುತ್ತೇವೆ.

ಅದರ ಫಲ ಪೇಟೆಗೂ ತಟ್ಟಿತು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ ಇರುವ ರಾಯಚೂರು ನಗರದಲ್ಲಿ 2022ರ ಮೇ-ಜೂನ್‌ನಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜನ ಆಸ್ಪತ್ರೆ ಸೇರಿದರು, ಜೀವಗಳೇ ಹೋದವು. ಎರಡು ಗಂಗೆಯ ನಡುವೆ ಕುಳಿತು ಒಂದು ತಂಬಿಗೆ ಶುದ್ಧ ನೀರಿಲ್ಲದೆ ಜೀವ ಬಿಡುವುದೆಂದರೆ ಏನು? ಕುರ್ಚಿಯ ಮೇಲೆ ಕುಳಿತವರಿಗೆ ಅದು ತಮ್ಮ ಮನೆಯ ನೀರು ಅನಿಸಬೇಕು. ಕೇಳಬೇಕಾದ ನಾವೂ ಸತ್ತ ಮೇಲೆ ಅಲ್ಲ, ಮೊದಲೇ ಕೇಳಬೇಕು.

ಇನ್ನು ಆ ಬೆಳ್ಳಿಯ ರೈತ ಏನು ಮಾಡಿದ? ಊರಿಗೆ ಹೋಗಿ ಪೈಪ್ ಕಿತ್ತ. ಮಗ್ಗುಲ ಹೊಲದವನು ನಕ್ಕ. "ನೀನೊಬ್ಬ ತೆಗೆದ್ರ ಮಾನ್ವಿಗೆ ನೀರು ಮುಟ್ಟತದೇನೋ?" ಖರೇ ಹೇಳಬೇಕೆಂದರೆ ಮುಟ್ಟಲಿಲ್ಲ. ಇವನು ಬಿಟ್ಟ ನೀರನ್ನು ನಕ್ಕವನೇ ಎತ್ತಿಕೊಂಡ. ಪ್ರಾಮಾಣಿಕತನ ಒಬ್ಬನಿಂದ ಶುರುವಾಗುತ್ತದೆ, ಆದರೆ ಒಬ್ಬನಲ್ಲೇ ನಿಂತರೆ ಕೊನೆಯ ಎಲೆಗೆ ಅನ್ನ ಬೀಳುವುದಿಲ್ಲ. ಅದಕ್ಕೇ ಅವನು ನೀರು ಬಳಕೆದಾರರ ಸಂಘದ ಸಭೆಯಲ್ಲಿ ಎದ್ದು ನಿಂತು "ನಾನೂ ಕದ್ದೀನ್ರಿ, ಈಗ ಬಿಟ್ಟೀನಿ, ಎಲ್ಲಾರೂ ಬಿಡೂಣು" ಅಂದ. ಮೊದಲ ವರ್ಷ ಬೈಸಿಕೊಂಡ. ಎರಡನೇ ವರ್ಷ ನಾಲ್ಕು ಮಂದಿ ಜೊತೆಗೆ ಬಂದರು. ಬೆಳ್ಳಿ ಕೊಡುವುದು ಸುಲಭ, ಆ ಮಾತು ಆಡುವುದು ಕಠಿಣ. ದೇವರಿಗೆ ಮುಟ್ಟಿದ ಕಾಣಿಕೆ ಯಾವುದು, ನೀವೇ ಹೇಳಿರಿ.

ಗುಡ್ಡ ಇಳಿಯುವ ಮೊದಲು ಈ ಐದು ಸಂಕಲ್ಪ ಮಾಡಿರಿ:

1. ನನ್ನ ಸರದಿಯ ನೀರನ್ನಷ್ಟೇ ತಗೊಳ್ಳುತ್ತೇನೆ, ರಾತ್ರಿ ತೂಬಿಗೆ ಕೈ ಹಚ್ಚುವುದಿಲ್ಲ.
2. ಮನೆಗೆ ಬರುವ ರೊಕ್ಕ ಎಲ್ಲಿಯದೆಂದು ಕೇಳುತ್ತೇನೆ, ಕೇಳಿದರೆ ಸಿಟ್ಟಾಗುವುದಿಲ್ಲ.
3. ಗ್ರಾಮಸಭೆಗೆ, ಸಂಘದ ಸಭೆಗೆ ತಪ್ಪದೆ ಹೋಗುತ್ತೇನೆ, ಲೆಕ್ಕ ಕೇಳುತ್ತೇನೆ.
4. ವೋಟಿಗೆ ರೊಕ್ಕ, ಸೀರೆ, ಬಾಟಲಿ ಮುಟ್ಟುವುದಿಲ್ಲ.
5. ಒಬ್ಬನ ತಪ್ಪಿಗೆ ಅವನ ಜಾತಿ, ಧರ್ಮ, ಭಾಷೆಯನ್ನು ಬೈಯುವುದಿಲ್ಲ.

ಅಗೋ, ದಾಸೋಹದ ಗಂಟೆ ಬಾರಿಸಿತು. ಹೋಗಿ ಪಂಕ್ತಿಯಲ್ಲಿ ಕುಳಿತುಕೊಳ್ಳಿರಿ. ಕೊನೆಯ ಎಲೆಗೆ ಬಡಿಸಿದರೋ ಇಲ್ಲವೋ ಒಮ್ಮೆ ತಿರುಗಿ ನೋಡಿ, ಆಮೇಲೆ ತುತ್ತು ಎತ್ತಿರಿ. ಊರಿಗೆ ಹೋದ ಮೇಲೂ ಹಾಂಗೇ ತಿರುಗಿ ನೋಡಿರಿ.

ಎಲ್ಲರಿಗೂ ಒಳ್ಳೆಯದಾಗಲಿ. ಶರಣು ಶರಣಾರ್ಥಿ.