ಮುಚ್ಚಿಕೊಳ್ಳದ ತ್ರಿಕೋನ

ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಸಿಗುವ ಸಂತೋಷವನ್ನು ಸೃಷ್ಟಿಕರ್ತನ ಸಂತೋಷಕ್ಕೆ ಹೋಲಿಸುವುದುಂಟು. ಐಬಿಎಂನಲ್ಲಿ ದೊಡ್ಡ ತಂತ್ರಾಂಶ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಈ ಸುಖವನ್ನು ದೇವರ ಸೃಷ್ಟಿಯ ಆನಂದದ ಪಕ್ಕದಲ್ಲಿಟ್ಟು ನೋಡಿದರು. ನಮ್ಮಲ್ಲಾದರೆ ಇದಕ್ಕೆ ಲೀಲೆ ಎಂಬ ಹೆಸರು ಸಿದ್ಧವಾಗಿಯೇ ಇದೆ. ಬರೆದ ಮಾತೇ ಕೆಲಸವಾಗಿಬಿಡುವ ಜಾಗದಲ್ಲಿ ಅಂಥ ಹೋಲಿಕೆ ಹೊಳೆಯುವುದು ಸಹಜ. ಆದರೂ ಅದು ಸರಿಯಲ್ಲವೆಂದೇ ನನ್ನ ವಾದ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಲೀಲೆಯ ಪ್ರಸ್ತಾಪ ಬರುವುದು ಒಂದು ಆಕ್ಷೇಪಕ್ಕೆ ಉತ್ತರವಾಗಿ: ಯಾವ ಕೊರತೆಯೂ ಇಲ್ಲದ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು? ಶಂಕರರ ಭಾಷ್ಯ ಬಯಕೆಗಳೆಲ್ಲ ತೀರಿದ ಅರಸನ ವಿಹಾರವನ್ನೂ ಉಸಿರಾಟವನ್ನೂ ದೃಷ್ಟಾಂತವಾಗಿ ಕೊಡುತ್ತದೆ. ಲೀಲೆ ತುಂಬಿದ್ದು ತುಳುಕುವ ಬಗೆ. ಅಲ್ಲಿ ಎಡವುವುದೂ ಇಲ್ಲ, ತಿದ್ದುವುದೂ ಇಲ್ಲ. ಹೊಸಬರ ಸಂತೋಷವಾದರೋ ಎಡವಿದಲ್ಲೇ ಹುಟ್ಟುತ್ತದೆ.

ಮಕ್ಕಳಿಗೆಂದೇ ರೂಪಿಸಿದ ಲೋಗೋ ಭಾಷೆಯನ್ನು ನೋಡಿ. 1967ರಲ್ಲಿ ಸೆಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಅದನ್ನು ಕಟ್ಟಿದರು. ಮುಂದೆ ಅದಕ್ಕೆ ಹೇಳಿದಂತೆ ನಡೆದು ಗೆರೆ ಎಳೆಯುವ ಆಮೆ ಸೇರಿಕೊಂಡಿತು. ಸಮಬಾಹು ತ್ರಿಕೋನದ ಕೋನ 60 ಡಿಗ್ರಿ ಎಂದು ಕಲಿತ ಮಗು, ನೂರು ಹೆಜ್ಜೆ ಮುಂದೆ ಹೋಗು, 60 ಡಿಗ್ರಿ ಬಲಕ್ಕೆ ತಿರುಗು ಎಂದು ಮೂರು ಸಲ ಹೇಳುತ್ತದೆ. ಆಮೆ ಅರ್ಧ ಷಟ್ಕೋನ ಎಳೆದು, ಬಾಯಿ ತೆರೆದ ಆಕೃತಿಯನ್ನು ಬಿಟ್ಟು ನಿಲ್ಲುತ್ತದೆ. ಆಗ ಮಗು ಎದ್ದು ತಾನೇ ತ್ರಿಕೋನದ ಹಾದಿಯಲ್ಲಿ ನಡೆದು ನೋಡಬಹುದು. ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ 120ರಷ್ಟು ಎಂಬುದು ಕಾಲಿಗೆ ಮೊದಲು ತಿಳಿಯುತ್ತದೆ, ಆಮೇಲೆ ತಲೆಗೆ. ಆಮೆ ಅಪ್ಪಣೆ ಮೀರಿರಲಿಲ್ಲ. ಬಲ್ಲೆನೆಂದುಕೊಂಡದ್ದೇ ಗೆರೆಯಾಗಿ ಕಣ್ಣೆದುರು ಬಿದ್ದಿತ್ತು. ಇಲ್ಲಿ ಕೇಳಬೇಕಾದದ್ದು ಸರಿಯೋ ತಪ್ಪೋ ಎಂದಲ್ಲ, ಸರಿಪಡಿಸಬಹುದೇ ಎಂದು: ಪ್ಯಾಪರ್ಟ್ 1980ರ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಕೆಂಪು ಶಾಯಿಗೆ ಹೆದರಿ ಬೆಳೆದ ಮಕ್ಕಳಿಗೆ ಇದು ಸಣ್ಣ ಬಿಡುಗಡೆಯಲ್ಲ.

ಈ ಸಂತೋಷದಲ್ಲಿ ಅಧಿಕಾರದ ಅಮಲೇ ಹೆಚ್ಚಲ್ಲವೇ ಎನ್ನಬಹುದು. ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಬರೆದಿದ್ದ ಜೋಸೆಫ್ ವೈಝೆನ್‌ಬಾಮ್ 1976ರಲ್ಲಿ ಎಚ್ಚರಿಸಿದ್ದು ಇದನ್ನೇ: ಯಂತ್ರದ ಮುಂದೆ ಹಗಲಿರುಳು ಕೂತವನು ತನ್ನದೇ ಪುಟ್ಟ ಜಗತ್ತಿಗೆ ಕಾನೂನು ಬರೆಯುವ ಮತ್ತಿನಲ್ಲಿ ಮುಳುಗುತ್ತಾನೆ. ಆ ಅಪಾಯ ನಿಜ. ಆದರೆ ಅಂಥವನಿಗೆ ಬಿಡಿಸಬೇಕಾದ ಸಮಸ್ಯೆ ಬರಿಯ ನೆಪ. ತ್ರಿಕೋನದ ಹಾದಿಯಲ್ಲಿ ನಡೆದು ನೋಡುವ ಮಗುವಿಗೆ ತ್ರಿಕೋನವೇ ಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದು ಕೆಂಪು ಶಾಯಿಯಿಂದ ಸಿಗುವ ಆ ಬಿಡುಗಡೆಯ ಬಗ್ಗೆ. ಯಂತ್ರ ಬೈಯುವುದಿಲ್ಲ, ಏಕೆಂದರೆ ಅದಕ್ಕೆ ಮನಸ್ಸಿಲ್ಲ. ಕ್ಷಮಿಸುವವರೇ ಇಲ್ಲದ ಕಡೆ ಕ್ಷಮೆಯೆಲ್ಲಿಂದ ಬರಬೇಕು? ಒಪ್ಪುತ್ತೇನೆ, ಅದು ಕ್ಷಮೆಯಲ್ಲ. ಆದರೆ ಎಲ್ಲ ತಪ್ಪಿಗೂ ಕ್ಷಮೆ ಬೇಕೇ? ಹಗ್ಗವನ್ನು ಹಾವೆಂದು ಕಂಡವನಿಗೆ ವೇದಾಂತ ಪ್ರಾಯಶ್ಚಿತ್ತ ವಿಧಿಸುವುದಿಲ್ಲ, ದೀಪ ತೋರಿಸುತ್ತದೆ. ಭ್ರಾಂತಿಯೇ ಬೇರೆ, ಪಾಪವೇ ಬೇರೆ. ಈ ವ್ಯತ್ಯಾಸವನ್ನು ಓದಿ ಒಪ್ಪುವುದು ಸುಲಭ; ತನ್ನದೇ ತಪ್ಪಿನ ಮುಂದೆ ನಾಚದೆ ಕೂತು ಅನುಭವಿಸುವುದು ಕಷ್ಟ. ಆಮೆ ಆ ಅನುಭವವನ್ನು ದಿನಕ್ಕೆ ಹತ್ತು ಸಲ ಕೊಡುತ್ತದೆ. ತ್ರಿಕೋನ ಮುಚ್ಚಿಕೊಂಡ ಮೇಲೆ ಮಗು ಅಲ್ಲಿಗೆ ನಿಲ್ಲುವುದಿಲ್ಲ. ಐದು ಬದಿಗೆ 72 ಡಿಗ್ರಿ ಎಂದು ಕಂಡುಕೊಳ್ಳುತ್ತದೆ. ಅದನ್ನೇ ಇಮ್ಮಡಿಸಿ ಐದು ಸಲ 144 ಡಿಗ್ರಿ ತಿರುಗಿಸಿದರೆ ನಕ್ಷತ್ರವೇ ಮೂಡುತ್ತದೆ. ಒಟ್ಟು 360 ಆಗಬೇಕಿತ್ತಲ್ಲ, ಲೆಕ್ಕ ಎಲ್ಲಿ ತಪ್ಪಿತು? ತಪ್ಪಿಲ್ಲ, ಈ ಸಲ ಆಮೆ ಎರಡು ಸುತ್ತು ತಿರುಗಿದೆ.